ದತ್ತಿ ನಿಯಂತ್ರಣ ಕಾಯ್ದೆಯ ಮೊದಲ ವರ್ಷದ ಖರ್ಚು: ಸಾದಿಲ್ವಾರು ನಿಧಿಯಿಂದ ತೆಗೆಯಬಹುದೆ? (ಪ್ರಶ್ನೋತ್ತರ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಅಡಿಟಿಪ್ಪಣಿ:

ಮಹಾರಾಷ್ಟ್ರ, ಗುಜರಾತ್‌ಗಳಲ್ಲಿ ಸಾರ್ವಜನಿಕ ನ್ಯಾಸಗಳ ಮೇಲೆ ಚಾರಿಟಿ ಕಮಿಷನರ್ ಇದ್ದಾರೆ. ಕರ್ನಾಟಕದಲ್ಲಿ ಎಲ್ಲ ಬಗೆಯ ದತ್ತಿ ಸಂಸ್ಥೆಗಳಿಗೂ ಅನ್ವಯವಾಗುವ ಅಂಥ ಕಾಯ್ದೆ ಇಲ್ಲ. ಸಂಘಗಳಿಗೆ 1960ರ ಸಂಘಗಳ ನೋಂದಣಿ ಕಾಯ್ದೆ ಇದೆ, ದೇವಸ್ಥಾನಗಳಿಗೆ 1997ರ ಧಾರ್ಮಿಕ ದತ್ತಿಗಳ ಕಾಯ್ದೆ ಇದೆ. ಖಾಸಗಿಯಾಗಿ ಬರೆದ ಟ್ರಸ್ಟ್ ಪತ್ರ ಮಾತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದರೆ ಹೆಚ್ಚುಕಮ್ಮಿ ಅಲ್ಲಿಗೇ ಮುಗಿಯಿತು.

ಕಾಯ್ದೆ ಬೇಕೆ ಬೇಡವೆ ಎಂಬ ಚರ್ಚೆ ಇಲ್ಲಿ ಬೇಡ. ನನ್ನ ಪ್ರಶ್ನೆ ದುಡ್ಡಿನದು. ಒಂದು ರಾಜ್ಯ ಸರ್ಕಾರ ಆಯವ್ಯಯ ಮುಗಿದ ಮೇಲೆ, ವರ್ಷದ ನಡುವೆ, ಇಂಥ ಕಾಯ್ದೆ ತಂದು ಒಂದು ಪ್ರಾಧಿಕಾರ ಶುರು ಮಾಡಬೇಕೆಂದರೆ ಆ ವರ್ಷದ ಖರ್ಚಿಗೆ ಸಾದಿಲ್ವಾರು ನಿಧಿಯನ್ನು (ಅನಿರೀಕ್ಷಿತ ಖರ್ಚಿಗೆಂದು ಇಟ್ಟ ಕಂಟಿಂಜೆನ್ಸಿ ಫಂಡ್) ಮುಟ್ಟಬಹುದೆ? ಮಸೂದೆ ಇನ್ನೂ ಸದನದಲ್ಲಿರುವಾಗಲೇ ಖರ್ಚು ಶುರುಮಾಡಬಹುದೆ? ಬ್ರಿಟನ್ನಿನಲ್ಲಿ ಹಾಗೆ ಮಾಡುವುದುಂಟು ಎಂದು ಓದಿದ್ದೇನೆ. ಆಮೇಲೆ ಟ್ರಸ್ಟ್‌ಗಳಿಂದ ಬರುವ ನೋಂದಣಿ ಶುಲ್ಕದಿಂದಲೇ ನಿಧಿಯನ್ನು ತುಂಬಿಕೊಟ್ಟರೆ ಆಗುತ್ತದೆಯೆ? ನಿಯಮ ಗೊತ್ತಿರುವವರು ಬರೆಯಿರಿ. ಇಡೀ ಸಂವಿಧಾನದ ಪಾಠ ಬೇಡ, ಎಲ್ಲಿ ಎಡವುತ್ತಾರೆ ಎಂಬುದು ಬೇಕು.

ಎಂಟುಸಾವಿರ:

ಮುಟ್ಟಬಹುದು. ಆದರೆ ಅದು ಕೈಗಡ, ಅನುದಾನವಲ್ಲ. ಈ ವ್ಯತ್ಯಾಸ ಮರೆತಲ್ಲೇ ಮುಕ್ಕಾಲು ಪಾಲು ತೊಂದರೆ ಶುರುವಾಗುತ್ತದೆ.

ಸಂವಿಧಾನದ 267(2)ನೇ ವಿಧಿಯಂತೆ ರಾಜ್ಯದ ಸಾದಿಲ್ವಾರು ನಿಧಿ ರಾಜ್ಯಪಾಲರ ಅಧೀನದಲ್ಲಿರುತ್ತದೆ. ಅನಿರೀಕ್ಷಿತ ವೆಚ್ಚಕ್ಕೆ, ಶಾಸಕಾಂಗದ ಮಂಜೂರಾತಿ ಬರುವವರೆಗೆ ಮಾತ್ರ, ಅದರಿಂದ ಮುಂಗಡ ಕೊಡಬಹುದು. ಇಲ್ಲಿ ಎರಡು ಷರತ್ತು ಸೇರಿಕೊಂಡಿವೆ. ‘ಮಂಜೂರಾತಿ ಬರುವವರೆಗೆ’ ಎಂಬುದನ್ನು ಎಲ್ಲರೂ ಓದುತ್ತಾರೆ. ‘ಅನಿರೀಕ್ಷಿತ’ ಎಂಬುದನ್ನು ಓದುವವರು ಕಡಿಮೆ. ತಾನೇ ಮಸೂದೆ ಬರೆದು, ತಾನೇ ಸಂಪುಟದಲ್ಲಿ ಒಪ್ಪಿ, ತಾನೇ ಮಂಡಿಸಿದ ಸರ್ಕಾರ ಅದರ ಖರ್ಚು ಅನಿರೀಕ್ಷಿತ ಎಂದರೆ ಲೆಕ್ಕಪರಿಶೋಧನೆಯವರು ಯಾಕೆ ನಂಬಬೇಕು? ಮೊದಲೇ ಊಹಿಸಬಹುದಾಗಿದ್ದ ಖರ್ಚಿಗೆ ಈ ನಿಧಿ ಬಳಸಿದ್ದನ್ನು ಸಿಎಜಿ (ಸರ್ಕಾರಿ ಲೆಕ್ಕಗಳ ಪರಿಶೋಧಕ ಸಂಸ್ಥೆ) ಬೇರೆ ಬೇರೆ ರಾಜ್ಯಗಳ ಹಣಕಾಸು ವರದಿಗಳಲ್ಲಿ ಮತ್ತೆ ಮತ್ತೆ ಎತ್ತಿ ಹೇಳಿದೆ. ನ್ಯಾಯಾಲಯ ಗಡುವು ಕೊಟ್ಟಿದ್ದರೆ, ಸುಗ್ರೀವಾಜ್ಞೆಯಿಂದ ಕಾಯ್ದೆ ತಕ್ಷಣ ಜಾರಿಯಾಗಿದ್ದರೆ, ಆಗ ವಾದ ನಿಲ್ಲುತ್ತದೆ. ‘ಮಂತ್ರಿಗಳು ರಾಜ್ಯೋತ್ಸವಕ್ಕೆ ಉದ್ಘಾಟನೆ ಇಟ್ಟುಕೊಂಡಿದ್ದಾರೆ’ ಎಂಬುದರಿಂದ ನಿಲ್ಲುವುದಿಲ್ಲ.

ಅರ್ಜಿಯಲ್ಲಿ ಏನಿರಬೇಕು ಎಂಬುದಕ್ಕೆ ಕೇಂದ್ರದ 1952ರ ಸಾದಿಲ್ವಾರು ನಿಧಿ ನಿಯಮಗಳನ್ನೇ ಮಾದರಿಯಾಗಿ ಇಟ್ಟುಕೊಳ್ಳಿ. ಐದು ಅಂಶ ಕೇಳುತ್ತಾರೆ: ಖರ್ಚಿನ ವಿವರ, ಆಯವ್ಯಯದಲ್ಲಿ ಯಾಕೆ ಸೇರಿಸಲಾಗಲಿಲ್ಲ, ಯಾಕೆ ಮುಂದೂಡಲಾಗದು, ಎಷ್ಟು ಹಣ ಬೇಕು ಮತ್ತು ಆ ವರ್ಷಕ್ಕೆ ಒಟ್ಟು ವೆಚ್ಚವೆಷ್ಟು, ಮುಂದೆ ಯಾವ ಬೇಡಿಕೆಯಡಿ (ಆಯವ್ಯಯದಲ್ಲಿ ಇಲಾಖೆಯ ಬಾಬ್ತು) ಪೂರಕ ಅನುದಾನ (ಆಯವ್ಯಯದ ಮೇಲೆ ಸದನ ಕೊಡುವ ಹೆಚ್ಚುವರಿ ಹಣ) ಪಡೆಯುತ್ತೀರಿ. ಮೂರನೆಯದಕ್ಕೆ ‘ಸಾರ್ವಜನಿಕ ಹಿತಾಸಕ್ತಿಯಿಂದ’ ಎಂದು ಒಂದೇ ಸಾಲು ಬರೆದ ಕಡತ ಆರ್ಥಿಕ ಇಲಾಖೆಯಿಂದ ವಾಪಸ್ ಬರುವುದು ಖಚಿತ. ಐದನೆಯದಕ್ಕೆ ಲೆಕ್ಕಶೀರ್ಷಿಕೆಯನ್ನು (ಖರ್ಚು ಬರೆಯುವ ಲೆಕ್ಕದ ಸಂಖ್ಯೆ) ಪೂರ್ತಿಯಾಗಿ ಬರೆಯಬೇಕು. ದತ್ತಿ ಕಾಯ್ದೆಗಳ ಆಡಳಿತಕ್ಕೆ ದೇಶದಾದ್ಯಂತ ಇರುವ ಶೀರ್ಷಿಕೆ 2250-00-102.

ಹಣದ ದಾರಿ ಹೀಗೆ. ಮುಂಗಡ ಮಂಜೂರಾತಿಯ ಆದೇಶ, ಅದರ ಪ್ರತಿ ರಾಜ್ಯದ ಲೆಕ್ಕ ಬರೆಯುವ ಮಹಾಲೇಖಪಾಲರಿಗೆ. ಬಿಲ್ಲಿನ ಖರ್ಚು ಮೊದಲು 8000 ಸಾದಿಲ್ವಾರು ನಿಧಿ ಶೀರ್ಷಿಕೆಯಡಿ ಬೀಳುತ್ತದೆ. ಮುಂದಿನ ಅಧಿವೇಶನದಲ್ಲೇ ಪೂರಕ ಅಂದಾಜು, ಅದರ ಬೆನ್ನಿಗೆ ಹಣ ತೆಗೆಯಲು ಅಧಿಕಾರ ಕೊಡುವ ಧನವಿನಿಯೋಗ ಕಾಯ್ದೆ. ಅದು ಬಂದ ಮೇಲೆ ಮಹಾಲೇಖಪಾಲರ ಕಚೇರಿ ಖರ್ಚನ್ನು 8000ದಿಂದ ಎತ್ತಿ 2250ಕ್ಕೆ ಹಾಕುತ್ತದೆ. ಆಗ ನಿಧಿ ಮೊದಲಿನಷ್ಟಕ್ಕೆ ಬರುತ್ತದೆ. ಮಂಜೂರಾತಿ ಆದೇಶದಲ್ಲಿ ಅಂತಿಮ ಶೀರ್ಷಿಕೆ ಇಲ್ಲದಿದ್ದರೆ ಎತ್ತಿ ಎಲ್ಲಿಗೆ ಹಾಕಬೇಕೆಂಬುದೇ ಅವರಿಗೆ ತಿಳಿಯುವುದಿಲ್ಲ. ಪತ್ರ ಬರುತ್ತದೆ, ಉತ್ತರ ಹೋಗುತ್ತದೆ, ಅಷ್ಟರಲ್ಲಿ ಮಾರ್ಚ್ 31 ಕಳೆದಿರುತ್ತದೆ.

ಕೆಂಪುಪಟ್ಟಿ:

ಮೇಲಿನವರು ಹೇಳಿದ್ದು ಸರಿ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಸಾದಿಲ್ವಾರು ನಿಧಿ ನಿಜಕ್ಕೂ ಬೇಕೆ?

ಅಧಿವೇಶನ ನಡೆಯುತ್ತಿದೆ ಅಥವಾ ಒಂದು ತಿಂಗಳೊಳಗೆ ಇದೆ ಎಂದಾದರೆ ಬೇಡ. ಮಸೂದೆಯ ಜೊತೆಗೇ ಪೂರಕ ಅಂದಾಜು ಮಂಡಿಸಿ. ಇಲಾಖೆಯ ಅದೇ ಬೇಡಿಕೆಯಡಿ ಉಳಿತಾಯ ಇದ್ದರೆ ಇನ್ನೂ ಸುಲಭ, ಟೋಕನ್ ಅನುದಾನ ಸಾಕು. ಹೆಸರಿಗೊಂದು ಸಣ್ಣ ಮೊತ್ತ ಕೇಳುತ್ತೀರಿ, ಸದನ ‘ಹೊಸ ಸೇವೆ’ಗೆ (ಆಯವ್ಯಯದಲ್ಲಿ ಇರದಿದ್ದ ಹೊಸ ಕೆಲಸಕ್ಕೆ) ಒಪ್ಪಿಗೆ ಕೊಡುತ್ತದೆ, ನಂತರ ಉಳಿತಾಯದ ಹಣವನ್ನು ಅಲ್ಲಿಗೆ ಪುನರ್ವಿನಿಯೋಗ ಮಾಡಿಕೊಳ್ಳುತ್ತೀರಿ. ಸದನದ ಒಪ್ಪಿಗೆ ಇಲ್ಲದೆ ನೇರವಾಗಿ ಪುನರ್ವಿನಿಯೋಗ ಮಾಡಿ ಹೊಸ ಸೇವೆ ಶುರುಮಾಡುವಂತಿಲ್ಲ. ಇಲಾಖೆಗಳು ಜಾರುವುದು ಇಲ್ಲೇ: ‘ದುಡ್ಡು ನಮ್ಮ ಹತ್ತಿರವೇ ಇದೆಯಲ್ಲ’ ಎನ್ನುತ್ತಾರೆ. ದುಡ್ಡಿರಬಹುದು, ಆ ಕೆಲಸಕ್ಕೆ ಅಧಿಕಾರ ಇರಬೇಕಲ್ಲ. 205ನೇ ವಿಧಿ ಹೊಸ ಸೇವೆಯನ್ನು ಹೆಸರಿಸಿಯೇ ಹೇಳುತ್ತದೆ. ಚಾರಿಟಿ ಕಮಿಷನರ್ ಕಚೇರಿ ಹೊಸ ಸೇವೆ ಅಲ್ಲ, ಧಾರ್ಮಿಕ ದತ್ತಿ ಇಲಾಖೆಯ ವಿಸ್ತರಣೆ ಎಂದು ವಾದಿಸಿ ಪ್ರಯೋಜನವಿಲ್ಲ.

ಮಸೂದೆಯ ಜೊತೆ ಹೋಗುವ ಆರ್ಥಿಕ ಜ್ಞಾಪನ ಪತ್ರವನ್ನೂ ನೋಡಿಕೊಳ್ಳಿ. ಸಂಚಿತ ನಿಧಿಯಿಂದ (ಸರ್ಕಾರದ ಆದಾಯ ಸೇರುವ ಮುಖ್ಯ ಖಾತೆ) ಖರ್ಚಾಗುವ ಮಸೂದೆಯನ್ನು 207(3)ರಂತೆ ರಾಜ್ಯಪಾಲರ ಶಿಫಾರಸಿಲ್ಲದೆ ಸದನ ಅಂಗೀಕರಿಸುವಂತಿಲ್ಲ. ‘ಈ ಮಸೂದೆಯಿಂದ ಹೆಚ್ಚುವರಿ ವೆಚ್ಚವಿಲ್ಲ’ ಎಂದು ಅಭ್ಯಾಸಬಲದಿಂದ ಬರೆದು, ಮೂರು ತಿಂಗಳಾದ ಮೇಲೆ ಮುಂಗಡ ಕೇಳಲು ಹೋದರೆ ಎರಡೂ ಕಾಗದವನ್ನು ಪಕ್ಕಪಕ್ಕ ಇಟ್ಟು ಕೇಳುತ್ತಾರೆ.

ಇನ್ನು ಮೊತ್ತ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಪ್ರಾಧಿಕಾರದ ಸಂಬಳ, ಬಾಡಿಗೆ, ನಿರ್ವಹಣೆ ವರ್ಷಕ್ಕೆ 6 ಕೋಟಿ ರೂಪಾಯಿ. ತಂತ್ರಾಂಶ, ಪೀಠೋಪಕರಣ, ದಾಖಲೆಗಳ ಡಿಜಿಟಲೀಕರಣ ಸೇರಿ ಒಂದು ಸಲದ ಖರ್ಚು 2.5 ಕೋಟಿ. ಇಲಾಖೆ ತಕ್ಷಣ 8.5 ಕೋಟಿ ಕೇಳುತ್ತದೆ. ತಪ್ಪು. ನವೆಂಬರ್ 1ಕ್ಕೆ ಕಚೇರಿ ಶುರು ಎಂದಾದರೆ ಆ ವರ್ಷಕ್ಕೆ ಉಳಿದದ್ದು ಐದು ತಿಂಗಳು, ಅಂದರೆ ಸಂಬಳ ಮತ್ತು ಬಾಡಿಗೆ 2.5 ಕೋಟಿ. ಡಿಸೆಂಬರ್ ಅಧಿವೇಶನದಲ್ಲಿ ಪೂರಕ ಅಂದಾಜು ಒಪ್ಪಿಗೆಯಾಗುತ್ತದೆಂದರೆ ಕೈಗಡ ಬೇಕಾದದ್ದು ಎರಡು ತಿಂಗಳಿಗೆ: 1 ಕೋಟಿ. ಒಂದು ಸಲದ ಖರ್ಚಿನಲ್ಲಿ ಅಲ್ಲಿಯವರೆಗೆ ಕಾಯಲಾರದ್ದು ಯಾವುದು? ಬಾಡಿಗೆ ಕಟ್ಟಡದ ಮುಂಗಡ, ಕೆಲವು ಕಂಪ್ಯೂಟರು, ತಂತ್ರಾಂಶದ ಟೆಂಡರ್ ಖರ್ಚು. ಅದು 40 ಲಕ್ಷ ಎಂದುಕೊಳ್ಳಿ. ಹಾಗಾದರೆ ಅರ್ಜಿ 1.4 ಕೋಟಿಗೆ ಹೋಗಬೇಕು. ಪೂರಕ ಅಂದಾಜಿನಲ್ಲಿ ಕೇಳುವುದು ವರ್ಷದ ಪೂರ್ತಿ ಅಗತ್ಯ, ಈ 1.4 ಕೋಟಿಯೂ ಅದರೊಳಗೇ ಇರಬೇಕು. ಮುಂಗಡವನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಪೂರಕ ಕೇಳಿದರೆ ನಿಧಿಗೆ ವಾಪಸ್ ಹೋಗಬೇಕಾದ ಹಣಕ್ಕೆ ಮಂಜೂರಾತಿಯೇ ಇರುವುದಿಲ್ಲ. ಇದು ಕೇಳಲು ಬಾಲಿಶ ಅನ್ನಿಸಬಹುದು, ಆದರೂ ಆಗುತ್ತದೆ.

ಸಂಬಳದ ಅಂದಾಜನ್ನೂ ನಂಬಬೇಡಿ. ಹುದ್ದೆ ಮಂಜೂರಾದ ದಿನವೇ ಜನ ಬಂದು ಕೂರುವುದಿಲ್ಲ. ನೇರ ನೇಮಕಾತಿ ಆ ವರ್ಷ ಆಗದ ಮಾತು. ನಿಯೋಜನೆಯ ಮೇಲೆ ಬರುವವರಿಗೂ ಮಾತೃ ಇಲಾಖೆಯಿಂದ ಬಿಡುಗಡೆ ಬೇಕು. ಮೊದಲ ಎರಡು ತಿಂಗಳಿಗೆ ಹುದ್ದೆಗಳ ಮೂರನೇ ಒಂದು ಭಾಗ ಭರ್ತಿಯಾಗುತ್ತದೆ ಎಂದು ಲೆಕ್ಕ ಹಾಕಿದರೆ ವಾಸ್ತವಕ್ಕೆ ಹತ್ತಿರ.

ಕಡಲಾಚೆ:

ಬ್ರಿಟನ್ನಿನ ಬಗ್ಗೆ ಕೇಳಿದಿರಿ. ಅಲ್ಲಿಯ ನಿಧಿ 1974ರ ಕಂಟಿಂಜೆನ್ಸೀಸ್ ಫಂಡ್ ಕಾಯ್ದೆಯಂತೆ ಹಿಂದಿನ ವರ್ಷ ಸಂಸತ್ತು ಮಂಜೂರು ಮಾಡಿದ ವೆಚ್ಚದ ಶೇ. 2ಕ್ಕೆ ಸೀಮಿತ. ಕೋವಿಡ್ ಕಾಲದಲ್ಲಿ 2020–21ಕ್ಕೆ ಅದನ್ನು ಶೇ. 50ಕ್ಕೆ, ಮರುವರ್ಷಕ್ಕೆ ಶೇ. 12ಕ್ಕೆ ಏರಿಸಿದ್ದರು. ನಮ್ಮ ಕೇಂದ್ರ ಸರ್ಕಾರದ ನಿಧಿಗೆ ಹಾಗಲ್ಲ, ಕಾಯ್ದೆಯಲ್ಲೇ ರೂಪಾಯಿ ಮೊತ್ತವಿದೆ; 2021ರಲ್ಲಿ ಅದು 500 ಕೋಟಿಯಿಂದ 30,000 ಕೋಟಿಗೆ ಹೋಯಿತು.

ಕಾಯ್ದೆಗೆ ಮೊದಲೇ ಖರ್ಚು ಎಂಬುದು ಅಲ್ಲಿಯೂ ಸಲೀಸಲ್ಲ. 1932ರಲ್ಲಿ ಖಜಾನೆಗೂ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೂ ಆದ ಒಪ್ಪಂದದಂತೆ, ವರ್ಷವರ್ಷವೂ ಮುಂದುವರಿಯುವ ಕೆಲಸಕ್ಕೆ ಧನವಿನಿಯೋಗ ಕಾಯ್ದೆಯೊಂದೇ ಸಾಲದು, ಅದಕ್ಕೆಂದೇ ಕಾಯ್ದೆ ಬೇಕು. ಹೊಸ ಸೇವೆಗೆ ಮುಂಗಡ ಬೇಕಾದರೆ ಖರ್ಚು ತುರ್ತಾಗಿರಬೇಕು, ಮಸೂದೆ ಕಾಯ್ದೆಯಾಗುವುದು ಹೆಚ್ಚುಕಮ್ಮಿ ಖಚಿತವಾಗಿರಬೇಕು. ರೂಢಿಯಲ್ಲಿ ಕೆಳಮನೆಯಲ್ಲಿ ಎರಡನೇ ವಾಚನ (ಮಸೂದೆಯ ತತ್ವದ ಮೇಲಿನ ಚರ್ಚೆ ಮತ್ತು ಮತ) ಮುಗಿದಿರಬೇಕು. ಸಚಿವರು ಸಂಸತ್ತಿಗೆ ಲಿಖಿತ ಹೇಳಿಕೆ ಕೊಟ್ಟು, ಇಷ್ಟು ಪೌಂಡ್ ಈ ಹೊಸ ಸೇವೆಗೆ ಬೇಕು, ಪೂರಕ ಅಂದಾಜು ಬರುವವರೆಗೆ ನಿಧಿಯಿಂದ ಮರುಪಾವತಿಯ ಮುಂಗಡ ಪಡೆಯುತ್ತೇವೆ ಎಂದು ತಿಳಿಸುತ್ತಾರೆ. ನೀತಿ ರೂಪಿಸುವುದು, ಸಮಾಲೋಚನೆ ನಡೆಸುವುದು ಇತ್ಯಾದಿ ಇಲಾಖೆಯ ಎಂದಿನ ಹಣದಲ್ಲೇ ಆಗುತ್ತದೆ. ಮುಖ್ಯಾಧಿಕಾರಿಯ ನೇಮಕ, ಕಟ್ಟಡದ ಕರಾರು, ಐಟಿ ಗುತ್ತಿಗೆ ಬಂದಾಗ ಪ್ರಶ್ನೆ ಏಳುತ್ತದೆ.

ದತ್ತಿ ನಿಯಂತ್ರಣದ ಉದಾಹರಣೆಗಳೇ ಬೇಕೆಂದರೆ ಮೂರು ದಾರಿ ಕಾಣುತ್ತವೆ. ಸ್ಕಾಟ್ಲೆಂಡ್ 2003ರಲ್ಲೇ ಕಾಯ್ದೆಯಿಲ್ಲದೆ ಸರ್ಕಾರದ ಏಜೆನ್ಸಿಯಾಗಿ ಕಚೇರಿ ತೆರೆಯಿತು. 2005ರ ಕಾಯ್ದೆ ಬಂದ ಮೇಲೆ 2006ರ ಏಪ್ರಿಲ್‌ನಿಂದ ಅದೇ ಕಚೇರಿ ಶಾಸನಬದ್ಧ ನಿಯಂತ್ರಕ ಆಯಿತು. ಐರ್ಲೆಂಡ್ 2009ರ ಫೆಬ್ರವರಿಯಲ್ಲಿ ಕಾಯ್ದೆ ಮಾಡಿತು, ಅಷ್ಟರಲ್ಲಿ ಆರ್ಥಿಕ ಕುಸಿತ ಬಡಿದಿತ್ತು. ಪ್ರಾಧಿಕಾರ ಶುರುವಾದದ್ದು 2014ರ ಅಕ್ಟೋಬರ್ 16ಕ್ಕೆ. ಶುರುವಾದಾಗ ಅವರು ಮಾಡಿದ ಜಾಣತನ ಗಮನಿಸಿ: ತೆರಿಗೆ ವಿನಾಯಿತಿ ಪಡೆದಿದ್ದ ಸಂಸ್ಥೆಗಳನ್ನೆಲ್ಲ ನೋಂದಣಿಯಾದವು ಎಂದೇ ಪರಿಗಣಿಸಿದರು, ಹಳೆಯ ದತ್ತಿ ಆಯುಕ್ತರ ಕಚೇರಿಯ ಕೆಲಸವನ್ನು ಹೊಸದರೊಳಗೆ ಸೇರಿಸಿದರು. ಮೊದಲ ವರ್ಷದ ಕೆಲಸದ ಹೊರೆಯನ್ನು ಅರ್ಧಕ್ಕರ್ಧ ಇಳಿಸುವ ಉಪಾಯ ಇದು. ಆದಾಯ ತೆರಿಗೆ ವಿನಾಯಿತಿಗೆ ನೋಂದಾಯಿಸಿಕೊಂಡ ಸಂಸ್ಥೆಗಳ ಪಟ್ಟಿ ಇರುವ ನಮ್ಮಲ್ಲೂ ಹೊಂದುತ್ತದೆ.

ಮೂರನೆಯದು ಉತ್ತರ ಐರ್ಲೆಂಡ್. 2008ರ ಕಾಯ್ದೆ, 2009ರಲ್ಲಿ ಆಯೋಗ. ಕಚೇರಿ ಇದೆ, ಸಿಬ್ಬಂದಿ ಇದ್ದಾರೆ, ಆದರೆ ಸಾರ್ವಜನಿಕ ಪ್ರಯೋಜನದ ವ್ಯಾಖ್ಯೆಯಲ್ಲಿ ದೋಷವಿದ್ದು ನೋಂದಣಿ ಮಾಡಲಾಗಲಿಲ್ಲ. 2013ರಲ್ಲಿ ತಿದ್ದುಪಡಿ ಬಂದು ಆ ವರ್ಷದ ಡಿಸೆಂಬರ್‌ನಲ್ಲಿ ನೋಂದಣಿ ಶುರುವಾಯಿತು. ಅಲ್ಲಿಗೂ ಮುಗಿಯಲಿಲ್ಲ. ಆಯೋಗದ ಸದಸ್ಯರ ಬದಲು ಸಿಬ್ಬಂದಿಯೇ ಆದೇಶಗಳನ್ನು ಹೊರಡಿಸಲು ಕಾಯ್ದೆಯಲ್ಲಿ ಅಧಿಕಾರವಿಲ್ಲ ಎಂದು 2019ರಲ್ಲಿ ಹೈಕೋರ್ಟ್ ಹೇಳಿತು, 2020ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿಯಿತು. ಅದನ್ನು ಸರಿಪಡಿಸಲು 2022ರಲ್ಲಿ ಇನ್ನೊಂದು ಕಾಯ್ದೆ. ಹಣ ಎಲ್ಲಿಂದ ಬಂತೆಂಬುದಕ್ಕಿಂತ ‘ಅಧಿಕಾರ ಪ್ರತ್ಯಾಯೋಜನೆ’ (ಅಧಿಕಾರವನ್ನು ಕೆಳಗಿನವರಿಗೆ ವಹಿಸುವುದು) ಎಂಬ ಒಂದು ಕಲಂ ಸರಿಯಾಗಿ ಬರೆಯದಿದ್ದುದು ದುಬಾರಿಯಾಯಿತು.

ಮೂಲಪ್ರತಿ:

ಕಾಯ್ದೆಗೆ ಮೊದಲೇ ಕಚೇರಿ ತೆರೆಯುವ ವಿಷಯದಲ್ಲಿ ನಮ್ಮ ಕಾನೂನು ಬ್ರಿಟನ್ನಿಗಿಂತ ಸಡಿಲ. 1955ರ ರಾಮ್ ಜವಾಯಾ ಕಪೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಕಾರ್ಯಾಂಗ ಒಂದು ಕೆಲಸ ಕೈಗೊಳ್ಳಲು ಅದಕ್ಕೊಂದು ಪ್ರತ್ಯೇಕ ಕಾಯ್ದೆ ಇರಲೇಬೇಕೆಂದಿಲ್ಲ, ಹಣಕ್ಕೆ ಶಾಸಕಾಂಗದ ಒಪ್ಪಿಗೆ ಇರಬೇಕು, ಯಾರ ಹಕ್ಕನ್ನೂ ಮೊಟಕುಗೊಳಿಸಬಾರದು. ಆಧಾರ್ ಪ್ರಾಧಿಕಾರ 2009ರ ಜನವರಿಯಲ್ಲಿ ಬರೀ ಅಧಿಸೂಚನೆಯಿಂದ ಹುಟ್ಟಿತು, ಕಾಯ್ದೆ ಬಂದದ್ದು 2016ರಲ್ಲಿ. ಹಾಗಾಗಿ ದತ್ತಿ ಸಂಸ್ಥೆಗಳ ಸಮೀಕ್ಷೆ, ತಂತ್ರಾಂಶ, ನಿಯಮಗಳ ಕರಡು ಇವನ್ನು ಸರ್ಕಾರಿ ಆದೇಶದ ಮೇಲೆ ಮಾಡಬಹುದು. ಕಡ್ಡಾಯ ನೋಂದಣಿ, ಲೆಕ್ಕಪತ್ರ ತರಿಸುವುದು, ಟ್ರಸ್ಟಿಯನ್ನು ಅಮಾನತು ಮಾಡುವುದು, ಶುಲ್ಕ ವಸೂಲಿ ಇವಕ್ಕೆಲ್ಲ ಕಾಯ್ದೆ ಬೇಕೇ ಬೇಕು. ಆದೇಶದ ಮೇಲೆ ನಡೆದ ಕೆಲಸಕ್ಕೂ ಹಣದ ಒಪ್ಪಿಗೆ ಬೇಕು ಎಂಬುದು ಮರೆಯಬಾರದು, ಸಾದಿಲ್ವಾರು ಮುಂಗಡ ಆ ಒಪ್ಪಿಗೆಗೆ ತಾತ್ಕಾಲಿಕ ಬದಲಿ ಮಾತ್ರ.

ಸುಗ್ರೀವಾಜ್ಞೆಯ ದಾರಿ ಹಿಡಿದರೆ ಒಂದು ಗಡಿಯಾರ ಓಡುತ್ತಿರುತ್ತದೆ. ಸದನ ಮತ್ತೆ ಸೇರಿದ ಆರು ವಾರಕ್ಕೆ ಅದು ಬಿದ್ದುಹೋಗುತ್ತದೆ (213ನೇ ವಿಧಿ). ಅಷ್ಟರಲ್ಲಿ ಮಸೂದೆ ಪಾಸಾಗದಿದ್ದರೆ ಪ್ರಾಧಿಕಾರವಿಲ್ಲ, ಬಾಡಿಗೆ ಕರಾರು ಇದೆ, ನಿಯೋಜನೆಯ ಸಿಬ್ಬಂದಿ ಇದ್ದಾರೆ, ಮುಂಗಡ ತೀರಿಸಬೇಕಾಗಿದೆ. ಕರಾರಿನಲ್ಲಿ ಮೂರು ತಿಂಗಳ ನೋಟಿಸಿನ ಮೇಲೆ ಬಿಡುವ ಷರತ್ತು ಹಾಕಿಸುವುದು ಇದಕ್ಕೇ.

ಈಗ ಶುಲ್ಕ. ಇಲ್ಲಿ ನಮ್ಮೂರಿನದೇ ತೀರ್ಪಿದೆ. ಮದ್ರಾಸ್ ರಾಜ್ಯದ 1951ರ ಹಿಂದೂ ಧಾರ್ಮಿಕ ದತ್ತಿ ಕಾಯ್ದೆಯ 76ನೇ ಕಲಂ, ಸಂಸ್ಥೆಗಳು ಆದಾಯದ ಶೇ. 5 ಮೀರದಷ್ಟು ವಂತಿಗೆ ಕೊಡಬೇಕೆಂದಿತ್ತು. ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಸ್ವಾಮಿಗಳು ಪ್ರಶ್ನಿಸಿದರು. ಆಗ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿತ್ತು. 1954ರಲ್ಲಿ ಸುಪ್ರೀಂ ಕೋರ್ಟ್ ಇದು ಶುಲ್ಕವಲ್ಲ, ತೆರಿಗೆ ಎಂದು ಆ ಕಲಂ ರದ್ದುಮಾಡಿತು. ಕಾರಣ, ಹಣ ನೇರವಾಗಿ ಸಂಚಿತ ನಿಧಿಗೆ ಹೋಗುತ್ತಿತ್ತು, ಕೊಟ್ಟ ಸಂಸ್ಥೆಗಳಿಗೆ ಸಿಗುವ ಸೇವೆಗೂ ಅದಕ್ಕೂ ನಂಟಿರಲಿಲ್ಲ. ಅದೇ ವರ್ಷ ರತಿಲಾಲ್ ಪಾನಾಚಂದ್ ಗಾಂಧಿ ಪ್ರಕರಣದಲ್ಲಿ 1950ರ ಬಾಂಬೆ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆಯ 58ನೇ ಕಲಮಿನ ವಂತಿಗೆಯನ್ನು ಶುಲ್ಕವೆಂದು ಎತ್ತಿಹಿಡಿಯಿತು. ಅಲ್ಲಿ ಹಣ ‘ಪಬ್ಲಿಕ್ ಟ್ರಸ್ಟ್ಸ್ ಅಡ್ಮಿನಿಸ್ಟ್ರೇಷನ್ ಫಂಡ್’ ಎಂಬ ಬೇರೆ ನಿಧಿಗೆ ಜಮೆಯಾಗುತ್ತಿತ್ತು, ಆ ಆಡಳಿತಕ್ಕೇ ಖರ್ಚಾಗುತ್ತಿತ್ತು.

ಪರಿಣಾಮ ನೋಡಿ. ಶುಲ್ಕ ನ್ಯಾಯಾಲಯದಲ್ಲಿ ಉಳಿಯಬೇಕಾದರೆ ಪ್ರತ್ಯೇಕ ನಿಧಿ ಮಾಡುವುದು ಕ್ಷೇಮ. ಪ್ರತ್ಯೇಕ ನಿಧಿ ಮಾಡಿದರೆ ಆ ಹಣದಿಂದ ನೇರವಾಗಿ ಸಾದಿಲ್ವಾರು ನಿಧಿ ತುಂಬುವಂತಿಲ್ಲ; ಸಾದಿಲ್ವಾರು ತುಂಬುವುದು ಸಂಚಿತ ನಿಧಿಯಿಂದ, ಧನವಿನಿಯೋಗ ಕಾಯ್ದೆಯ ಮೂಲಕ ಮಾತ್ರ. ಆದ್ದರಿಂದ ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಇಲ್ಲ ಎಂದೇ. ಬೇಕಿದ್ದರೆ ಸರ್ಕಾರ ಮೊದಲ ವರ್ಷದ ಹಣವನ್ನು ಪ್ರಾಧಿಕಾರಕ್ಕೆ ಸಾಲವೆಂದು ಕೊಟ್ಟು, ಶುಲ್ಕ ಬರತೊಡಗಿದ ಮೇಲೆ ಕಂತಿನಲ್ಲಿ ಹಿಂದಕ್ಕೆ ಪಡೆಯಬಹುದು. ಆಗಲೂ ಬೇಗ ಬರುತ್ತದೆಂದು ಎಣಿಸಬೇಡಿ. 20,000 ಟ್ರಸ್ಟ್‌ಗಳು ತಲಾ 1,000 ರೂಪಾಯಿ ಕೊಟ್ಟರೆ 2 ಕೋಟಿ. ಕೆಂಪುಪಟ್ಟಿಯವರ ಕಾಲ್ಪನಿಕ ಲೆಕ್ಕದ ವಾರ್ಷಿಕ ಖರ್ಚಿನ ಮೂರನೇ ಒಂದು ಭಾಗ. ಅದೂ ಎಲ್ಲರೂ ಮೊದಲ ವರ್ಷವೇ ಬಂದರೆ.

ಅಡಿಟಿಪ್ಪಣಿ:

ಎಲ್ಲರಿಗೂ ಧನ್ಯವಾದ. ಶಿರೂರು ಮಠದ ತೀರ್ಪನ್ನು ಧಾರ್ಮಿಕ ಸ್ವಾತಂತ್ರ್ಯದ ಪ್ರಕರಣ ಎಂದಷ್ಟೇ ಓದಿಕೊಂಡಿದ್ದೆ. ಇನ್ನೊಂದು ಸಂದೇಹ: ಪ್ರಾಧಿಕಾರವನ್ನು ಇಲಾಖೆಯ ಕಚೇರಿ ಮಾಡುವ ಬದಲು ನಿಗಮದಂತೆ ಸ್ವತಂತ್ರ ಸಂಸ್ಥೆ ಮಾಡಿದರೆ ಮುಂಗಡದ ವಿಷಯದಲ್ಲಿ ಏನಾದರೂ ಬದಲಾಗುತ್ತದೆಯೆ? ಹಾಗೇ, ಅಧಿವೇಶನ ಮುಗಿದು ಫೆಬ್ರವರಿಯಲ್ಲಿ ಮುಂಗಡ ತೆಗೆದರೆ?

ಎಂಟುಸಾವಿರ:

ಬದಲಾಗುತ್ತದೆ. ಇಲಾಖೆಯ ಕಚೇರಿಯಾದರೆ ಬಿಲ್ಲು ಖಜಾನೆಗೆ ಬಂದಾಗಲೇ ಖರ್ಚು, ಉಳಿದದ್ದು ಉಳಿಯುತ್ತದೆ. ಸ್ವತಂತ್ರ ಸಂಸ್ಥೆಯಾದರೆ ಹಣ ಸಹಾಯಾನುದಾನವಾಗಿ ಅದರ ಖಾತೆಗೆ ಹೋಗುತ್ತದೆ, ಸರ್ಕಾರದ ಲೆಕ್ಕದಲ್ಲಿ ಆ ದಿನವೇ ಖರ್ಚಾಯಿತು ಎಂದು ಬೀಳುತ್ತದೆ. ತುರ್ತು ಎಂದು ಸಾದಿಲ್ವಾರಿನಿಂದ ತೆಗೆದ ಹಣ ಮಾರ್ಚ್ 31ಕ್ಕೆ ಬ್ಯಾಂಕಿನಲ್ಲಿ ಬಡ್ಡಿ ಗಳಿಸುತ್ತ ಕೂತಿದ್ದರೆ ತುರ್ತಿನ ವಾದ ಅಲ್ಲಿಗೇ ಸತ್ತಿತು. ಅದಕ್ಕೇ ಮೊದಲ ವರ್ಷ ಮಾತೃ ಇಲಾಖೆಯ ಬಟವಾಡೆ ಅಧಿಕಾರಿಯ (ಬಿಲ್ಲು ಬರೆದು ಹಣ ತೆಗೆಯುವವರು) ಮೂಲಕವೇ ಬಿಲ್ಲು ಮಾಡಿಸಿ, ಹೊಸ ಸಂಸ್ಥೆಗೆ ಮುಂದಿನ ಏಪ್ರಿಲ್‌ನಿಂದ ಅನುದಾನ ಕೊಡುವುದು ಒಳ್ಳೆಯದು. ಹೊಸ ಬಟವಾಡೆ ಅಧಿಕಾರಿ ಕೋಡ್ ಆಗುವವರೆಗೆ ಸಂಬಳವೂ ಹಾಗೇ ನಡೆಯಬೇಕಾಗುತ್ತದೆ.

ಫೆಬ್ರವರಿ ಮುಂಗಡ ಬೇಡ. ಪೂರಕ ಅಂದಾಜಿನ ಕೊನೆಯ ಕಂತು ಬಜೆಟ್ ಅಧಿವೇಶನದಲ್ಲಿ ಹೋಗುತ್ತದೆ. ಅದರ ಪಟ್ಟಿ ಮುಚ್ಚಿದ ಮೇಲೆ ತೆಗೆದ ಮುಂಗಡ ಆ ವರ್ಷ ಭರ್ತಿಯಾಗುವುದಿಲ್ಲ. ವರ್ಷಾಂತ್ಯದ ಲೆಕ್ಕದಲ್ಲಿ ‘ಭರ್ತಿಯಾಗದ ಮುಂಗಡ’ ಎಂದು ಮೊತ್ತದ ಸಮೇತ ಅಚ್ಚಾಗುತ್ತದೆ, ಮರುವರ್ಷದ ಅನುದಾನದಿಂದ ತೀರಿಸಬೇಕು. ಚುನಾವಣೆಯ ವರ್ಷವಾದರಂತೂ ಇನ್ನೂ ಕಷ್ಟ, ಮಾರ್ಚ್‌ನಲ್ಲಿ ಬರುವುದು ಲೇಖಾನುದಾನ (ಕೆಲವು ತಿಂಗಳ ಖರ್ಚಿಗಷ್ಟೇ ಮಂಜೂರಾತಿ), ಅದರಲ್ಲಿ ಹೊಸ ಸೇವೆ ಸೇರಿಸುವ ರೂಢಿ ಇಲ್ಲ. ಹೊಸ ಸರ್ಕಾರದ ಪೂರ್ಣ ಬಜೆಟ್ ಜುಲೈವರೆಗೂ ಹೋಗಬಹುದು, ಹೊಸ ಸರ್ಕಾರಕ್ಕೆ ಈ ಪ್ರಾಧಿಕಾರವೇ ಬೇಡವಾಗಿರಲೂಬಹುದು.

ಕಾಯ್ದೆಯಲ್ಲಿ ‘ಸರ್ಕಾರ ಅಧಿಸೂಚಿಸುವ ದಿನದಿಂದ ಜಾರಿ, ಬೇರೆ ಬೇರೆ ಪ್ರಕರಣಗಳಿಗೆ ಬೇರೆ ಬೇರೆ ದಿನ’ ಎಂದು ಒಂದನೇ ಕಲಮಿನಲ್ಲೇ ಬರೆಸಿಕೊಳ್ಳಿ. ಆಯುಕ್ತರ ನೇಮಕದ ಕಲಂ ಜನವರಿಗೆ, ನೋಂದಣಿಯ ಕಲಂ ಏಪ್ರಿಲ್‌ನ ನಂತರಕ್ಕೆ. ಆಗ ಈ ವರ್ಷ ಬೇಕಾಗುವುದು ಒಬ್ಬ ಆಯುಕ್ತರು, ನಾಲ್ಕೈದು ಜನ, ಎರಡು ಕೋಣೆ. ಅಷ್ಟಕ್ಕೆ ಸಾದಿಲ್ವಾರು ನಿಧಿಯ ಬಾಗಿಲು ಬಡಿಯುವುದೇ ಬೇಡ, ಕೆಂಪುಪಟ್ಟಿಯವರು ಹೇಳಿದ ಟೋಕನ್ ಅನುದಾನದಲ್ಲಿ ಮುಗಿಯುತ್ತದೆ.